ತೋಟದ ಎಂಜಿನ್ನು ಚಾಲೂ ಆಗದಿದ್ದರೆ

ಅರಸೀಕೆರೆಯೆಂಬ ಹೆಸರಿನಲ್ಲೇ ನೀರಿದೆ. ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಆದರೆ ಹೆಸರಿನಲ್ಲಿರುವಷ್ಟು ನೀರು ನಮ್ಮ ಆಕಾಶದಲ್ಲಿಲ್ಲ. ಪಡುವಲಿನ ಸಕಲೇಶಪುರದ ಕಡೆ ಕೊಡೆ ಮಡಿಸಲು ಬಿಡದಂತೆ ಸುರಿಯುವ ಮುಂಗಾರು, ಅದೇ ಜಿಲ್ಲೆಯ ಈ ಮೂಲೆಗೆ ಬರುವ ಹೊತ್ತಿಗೆ ಬರಿಯ ಮೋಡವಾಗಿರುತ್ತದೆ. ಇಂಥ ನೆಲದಲ್ಲಿ ನಾವು ನಂಬಿಕೊಂಡಿರುವುದು ತೆಂಗಿನ ಮರವನ್ನು. ಅದು ವರ್ಷವೆಲ್ಲ ಫಲ ಕೊಡುವ ಮರ. ವರ್ಷವೆಲ್ಲ ನೀರು ಬೇಡುವ ಮರವೂ ಹೌದು. ೨೦೧೬ ಮತ್ತು ೨೦೧೭ರ ಬರಗಾಲದಲ್ಲಿ ಈ ತಾಲ್ಲೂಕಿನ ಎಷ್ಟೋ ತೋಟಗಳಲ್ಲಿ ಸುಳಿ ಬಾಗಿ ನಿಂತ ಮರಗಳನ್ನು ಕಂಡವರಿಗೆ, ಒಂದು ಬಿಂದಿಗೆ ನೀರಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನೀರೆತ್ತಲು ಈಗ ವಿದ್ಯುತ್ತು ಉಂಟು, ಕೊಳವೆಬಾವಿ ಉಂಟು. ಆದರೂ ಡೀಸಲ್ ಎಂಜಿನ್ನು ಮೂಲೆ ಸೇರಿಲ್ಲ. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಕಾಣಿಸಿಕೊಂಡುವು. ಹೊಂಡದ ನೀರನ್ನೆತ್ತಲು ಸಣ್ಣ ಡೀಸಲ್ ಪಂಪುಗಳೂ ಬಂದುವು. ಕರೆಂಟು ಕೈಕೊಟ್ಟಾಗ, ಮೋಟಾರು ಸುಟ್ಟಾಗ, ತಂತಿಯೇ ಇಲ್ಲದ ಹೊಲದ ಮೂಲೆಗೆ ನೀರು ಬೇಕಾದಾಗ ರೈತನು ನೆನೆಯುವುದು ಈ ಎಂಜಿನ್ನನ್ನೇ. ಆಪತ್ಕಾಲದ ನೆಂಟನೇ ಆಪತ್ಕಾಲದಲ್ಲಿ ಬಾಗಿಲು ತೆರೆಯದಿದ್ದರೆ ಏನು ಮಾಡಬೇಕು? ಅದನ್ನೇ ಇಲ್ಲಿ ವಿಚಾರ ಮಾಡೋಣ.

ನಾನು ಯಂತ್ರಶಾಸ್ತ್ರ ಓದಿದವನಲ್ಲ. ಕನ್ನಡ ಪಂಡಿತ ಪರೀಕ್ಷೆಯ ದಾರಿಯಿಂದ ಬಂದು ಪ್ರೌಢಶಾಲೆಯಲ್ಲಿ ಪಾಠ ಹೇಳುವವನು. ಆದರೆ ತಂದೆಯವರ ಕಾಲದಿಂದಲೂ ನಮ್ಮ ತೋಟದಲ್ಲಿ ಎಂಜಿನ್ನು ಇದೆ. ಅದರ ಹ್ಯಾಂಡಲನ್ನು ತಿರುಗಿಸಿ ಕೈ ಬೊಬ್ಬೆ ಬಂದ ದಿನಗಳುಂಟು. ಅದನ್ನು ಶಪಿಸಿದ ದಿನಗಳೂ ಉಂಟು. ಅಷ್ಟು ವರ್ಷಗಳ ಸಹವಾಸದಿಂದ ಕಲಿತದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಡೆದ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದಿನ ಬೇಸಗೆ. ಬರದಲ್ಲಿ ಸತ್ತ ಮರಗಳ ಜಾಗದಲ್ಲಿ ನನ್ನ ತಮ್ಮನು ಎಂಬತ್ತು ತೆಂಗಿನ ಸಸಿಗಳನ್ನು ನೆಟ್ಟಿದ್ದ. ಕೊಳವೆಬಾವಿಯ ಮೋಟಾರು ಸುಟ್ಟು ವೈಂಡಿಂಗಿಗೆ ಹೋಗಿತ್ತು. ಹೊಂಡದಲ್ಲಿ ಸೊಂಟದೆತ್ತರ ನೀರಿತ್ತು. ಎರಡು ವರ್ಷ ಕೊಟ್ಟಿಗೆಯಲ್ಲಿ ಮಲಗಿದ್ದ ಐದು ಅಶ್ವಶಕ್ತಿಯ ಎಂಜಿನ್ನನ್ನು ಹೊರಕ್ಕೆಳೆದು ತಂದ. ಅದು ಚಾಲೂ ಆಯಿತು. ಹತ್ತು ನಿಮಿಷ ಓಡಿ ನಿಂತಿತು. ಮತ್ತೆ ಎಷ್ಟು ತಿರುಗಿಸಿದರೂ ಮಿಸುಕಲಿಲ್ಲ. ರಿಪೇರಿಯವನೊಬ್ಬ ಬಂದು ಪಂಪು ಬಿಚ್ಚಿದ, ನಾಝಲ್ ಬದಲಿಸಿದ, ಹಣ ಎಣಿಸಿಕೊಂಡು ಹೋದ. ಮಾರನೆಯ ದಿನ ಅದೇ ಹತ್ತು ನಿಮಿಷ, ಅದೇ ಮೌನ. ಸಸಿಗಳ ಗರಿಯ ತುದಿ ಕಂದತೊಡಗಿತ್ತು.

ಭಾನುವಾರ ನಾನು ತೋಟಕ್ಕೆ ಹೋದಾಗ ತಮ್ಮನೆಂದ: “ಅಣ್ಣಾ, ಇದಕ್ಕೆ ಯಾರ ಕಣ್ಣು ಬಿತ್ತೊ ಕಾಣೆ. ಹೊಟ್ಟೆಗೆ ಹಾಕಿದರೆ ಹತ್ತು ನಿಮಿಷ ದುಡಿಯುತ್ತೆ, ಆಮೇಲೆ ಮುನಿಸಿಕೊಳ್ಳುತ್ತೆ.” ಅವನು ನಗುತ್ತಾ ಹೇಳಿದ ಈ ಮಾತಿನಲ್ಲೇ ರೋಗದ ಗುರುತೆಲ್ಲ ಅಡಗಿತ್ತು. ಅದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ. ಅದನ್ನು ತಿಳಿಯಬೇಕಾದರೆ ಎಂಜಿನ್ನಿನ ಗುಟ್ಟನ್ನು ಸ್ವಲ್ಪ ಅರಿಯಬೇಕು.

ಬೆಂಕಿಪೆಟ್ಟಿಗೆಯಿಲ್ಲದ ಒಲೆ

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಒಂದು ಅನುಭವವುಂಟು. ನಾಲ್ಕಾರು ಸಲ ಬಲವಾಗಿ ಒತ್ತಿದರೆ ಪಂಪಿನ ತುದಿ ಕೈಗೆ ಬಿಸಿ ಹತ್ತುತ್ತದೆ. ಗಾಳಿಯನ್ನು ಇದ್ದಕ್ಕಿದ್ದಂತೆ ಇಕ್ಕಟ್ಟಿಗೆ ತುರುಕಿದರೆ ಅದು ಕಾಯುತ್ತದೆ ಎಂಬುದು ಪ್ರಕೃತಿಯ ನಿಯಮ. ಡೀಸಲ್ ಎಂಜಿನ್ನು ಈ ನಿಯಮದ ಮೇಲೆ ನಿಂತಿದೆ. ಸಿಲಿಂಡರಿನೊಳಗೆ ಸೇದಿಕೊಂಡ ಗಾಳಿಯನ್ನು ಪಿಸ್ಟನ್ ಮೇಲಕ್ಕೇರಿ ಹದಿನಾರು ಹದಿನೆಂಟನೆಯ ಒಂದು ಪಾಲಿನಷ್ಟು ಜಾಗಕ್ಕೆ ಅಮುಕುತ್ತದೆ. ಆಗ ಗಾಳಿ ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಡೀಸಲ್ ಹೊತ್ತಿಕೊಳ್ಳಲು ಅದರ ಅರ್ಧದಷ್ಟು ಬಿಸಿ ಸಾಕು. ಸರಿಯಾಗಿ ಆ ಗಳಿಗೆಗೆ ನಾಝಲ್ಲು ಎಣ್ಣೆಯನ್ನು ಮಂಜಿನಂತೆ ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ಬೆಂಕಿ ಏಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಕಿಡಿಪ್ಲಗ್ಗು ಇದಕ್ಕಿಲ್ಲದಿರುವುದು ಈ ಕಾರಣದಿಂದ.

ಹೀಗೆ ಚಿಮುಕುವ ಎಣ್ಣೆ ಎಷ್ಟು? ಐದು ಅಶ್ವಶಕ್ತಿಯ ಎಂಜಿನ್ನು ಪೂರ್ತಿ ಭಾರ ಹೊತ್ತು ನಿಮಿಷಕ್ಕೆ ೧೫೦೦ ಸುತ್ತು ತಿರುಗುವಾಗ, ಗಂಟೆಗೆ ಸುಮಾರು ಒಂದು ಲೀಟರಿನಷ್ಟು ಡೀಸಲ್ ಕುಡಿಯುತ್ತದೆ. ಎರಡು ಸುತ್ತಿಗೊಮ್ಮೆ ಎಣ್ಣೆ ಬೀಳುವುದರಿಂದ ಗಂಟೆಗೆ ೪೫,೦೦೦ ಸಲ ನಾಝಲ್ಲು ಬಾಯಿ ತೆರೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಒಂದೊಂದು ಸಲಕ್ಕೂ ಬೀಳುವುದು ಅರ್ಧ ಹನಿ! ಆ ಅರ್ಧ ಹನಿಯನ್ನು ಚದರ ಸೆಂಟಿಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಒತ್ತಡದಲ್ಲಿ ಸೂಜಿಮೊನೆಯಂಥ ತೂತುಗಳಿಂದ ಹೊಮ್ಮಿಸಬೇಕು. ಇಷ್ಟು ನಯವಾದ ಕೆಲಸದ ನಡುವೆ ಒಂದು ಧೂಳಿನ ಕಣವೋ, ಒಂದು ಗಾಳಿಯ ಗುಳ್ಳೆಯೋ, ಒಂದು ತೊಟ್ಟು ನೀರೋ ಬಂದರೆ ಎಂಜಿನ್ನು ಮುಷ್ಕರ ಹೂಡುವುದರಲ್ಲಿ ಆಶ್ಚರ್ಯವೇನು?

ಈ ಮಾತಿನಿಂದ ಎದೆಗುಂದಬೇಕಾಗಿಲ್ಲ. ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸಲ್ ಮಹಾಶಯನ ಮೊದಲ ಎಂಜಿನ್ನೇ ಹಟ ಹಿಡಿದಿತ್ತು. ೧೮೫೮ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಜರ್ಮನ್ ಎಂಜಿನಿಯರು ೧೮೯೩ರಲ್ಲಿ ಔಗ್ಸ್‌ಬರ್ಗಿನಲ್ಲಿ ಕಟ್ಟಿದ ಯಂತ್ರ ಆ ವರ್ಷ ಸ್ವಂತ ಬಲದಿಂದ ಓಡಲೇ ಇಲ್ಲ. ಮತ್ತೆ ಮತ್ತೆ ತಿದ್ದಿ ೧೮೯೭ರಲ್ಲಿ ಅದನ್ನು ಲೋಕ ಒಪ್ಪುವಂತೆ ಓಡಿಸಿದ. ನಮ್ಮ ಕಡೆಗೆ ಇಂಥ ಯಂತ್ರಗಳು ಹರಡಿದುದರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದವರೊಬ್ಬರ ಮನೆತನದ ಪಾಲು ದೊಡ್ಡದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳ ಕಾರ್ಖಾನೆ ಸ್ಥಾಪಿಸಿದರು. ನೇಗಿಲಿನಂತೆ ಎಂಜಿನ್ನೂ ಹೊಲದ ಸಾಮಾನುಗಳಲ್ಲಿ ಒಂದಾಯಿತು.

ಮೂರು ಬೇಡಿಕೆಗಳು

ಶಾಲೆಯಲ್ಲಿ ಹಳಗನ್ನಡದ ಪದ್ಯ ಕೊಟ್ಟರೆ ಹುಡುಗರು ಮೊದಲು ಕೈಹಾಕುವುದು ನಿಘಂಟಿಗೆ. ಸಿಕ್ಕಸಿಕ್ಕ ಪದಗಳಿಗೆಲ್ಲ ಅರ್ಥ ಬರೆದುಕೊಂಡು, ಕೊನೆಗೆ ಪದ್ಯದ ಅರ್ಥ ಮಾತ್ರ ಆಗಲಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾರೆ. ಕ್ರಿಯಾಪದ ಯಾವುದು, ಕರ್ತೃ ಯಾರು, ಕರ್ಮವೇನು ಎಂದು ಕ್ರಮವಾಗಿ ಕೇಳಿಕೊಂಡು ಅನ್ವಯ ಮಾಡಿದವನಿಗೆ ನಿಘಂಟಿನ ಕೆಲಸ ಅರ್ಧ ಉಳಿಯುತ್ತದೆ. ಎಂಜಿನ್ನಿನ ಮುಂದೆ ಸ್ಪ್ಯಾನರ್ ಹಿಡಿದು ಕೂರುವವರೂ ಆ ಹುಡುಗರ ತಪ್ಪನ್ನೇ ಮಾಡುತ್ತಾರೆ. ಬಿಚ್ಚುವುದು ಕೊನೆಯ ಕೆಲಸ; ಕೇಳುವುದು ಮೊದಲ ಕೆಲಸ.

ಏನನ್ನು ಕೇಳಬೇಕು? ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದಕ್ಕಾಗಿ ಕಾದಿರಬೇಕು. ಬಂದ ಪದ ಹೊಂದುವಂಥದಾಗಿರಬೇಕು. ಹೊತ್ತು ಮೀರದೆ ಬಳಿಯಲ್ಲೇ ಬರಬೇಕು. ಎಂಜಿನ್ನಿಗೂ ಹೀಗೆಯೇ. ಅಮುಕಿ ಕಾದ ಗಾಳಿ ಎಣ್ಣೆಗಾಗಿ ಕಾದಿರಬೇಕು. ಬರುವ ಎಣ್ಣೆ ಶುದ್ಧವಾಗಿರಬೇಕು. ಅದು ಸರಿಯಾದ ಗಳಿಗೆಗೆ ಬೀಳಬೇಕು. ‘ಬೆಂಕಿಯಿಂದ ನೆನೆಸು’ ಎಂಬ ಮಾತಿಗೆ ಯೋಗ್ಯತೆಯಿಲ್ಲವೆಂದು ತರ್ಕದ ಪುಸ್ತಕಗಳಲ್ಲಿ ಉದಾಹರಣೆ ಕೊಡುತ್ತಾರೆ. ಡೀಸಲ್ಲಿನಲ್ಲಿ ನೀರು ಸೇರಿದ ಎಂಜಿನ್ನಿಗೆ ನಾವು ಹೇಳುತ್ತಿರುವುದು ‘ನೀರಿನಿಂದ ಸುಡು’ ಎಂದು. ಅದು ಸುಮ್ಮನಿದ್ದರೆ ತಪ್ಪು ಅದರದಲ್ಲ.

ಹೊಗೆಯ ಭಾಷೆ

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಟ್ಯಾಂಕಿನಲ್ಲಿ ಡೀಸಲ್ ಇದೆಯೆ? ಕೊಳಾಯಿ ತಿರುವಿದ್ದೀರಾ? ನಿಲ್ಲಿಸುವ ಲಿವರು ನಿಲ್ಲಿಸಿದ ಜಾಗದಲ್ಲೇ ಉಳಿದಿಲ್ಲವಷ್ಟೆ? ಮಳೆನೀರು ಬೀಳದಿರಲೆಂದು ಹೊಗೆಕೊಳವೆಯ ಬಾಯಿಗೆ ಕವುಚಿದ ತೆಂಗಿನ ಕರಟವನ್ನು ತೆಗೆದಿರಾ? ಇವು ಕೇಳಲು ನಗೆಗೀಡಾದ ಪ್ರಶ್ನೆಗಳು. ಆದರೆ ಅರ್ಧ ದಿನ ಹ್ಯಾಂಡಲ್ ತಿರುಗಿಸಿದ ಮೇಲೆ ಕರಟವನ್ನು ಕಂಡವರ ಪೈಕಿ ನಾನೂ ಒಬ್ಬ. ಗಾಲಿಯೇ ತಿರುಗದಿದ್ದರೆ ಪಂಪಿನ ಬೆಲ್ಟನ್ನೋ ಜೋಡಣೆಯನ್ನೋ ಬಿಡಿಸಿ ನೋಡಿ. ಹಿಡಿದುಕೊಂಡಿರುವುದು ನೀರಿನ ಪಂಪೇ ಆಗಿರಬಹುದು.

ಆ ಬಳಿಕ ಒಬ್ಬರು ಹ್ಯಾಂಡಲ್ ತಿರುಗಿಸಲಿ, ಇನ್ನೊಬ್ಬರು ಹೊಗೆಕೊಳವೆಯನ್ನು ನೋಡಲಿ. ಹೊಗೆಯೇ ಇಲ್ಲವೆ? ಎಣ್ಣೆ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಬಿಳಿಯ ಹೊಗೆ ಬರುತ್ತಿದೆಯೆ? ಎಣ್ಣೆ ಮುಟ್ಟುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಬಿಸಿ ಸಾಲದು, ಒತ್ತಡ ಸಾಲದು, ಇಲ್ಲವೆ ಎಣ್ಣೆಯಲ್ಲಿ ನೀರಿದೆ. ಕಪ್ಪು ಹೊಗೆಯೆ? ಎಣ್ಣೆಗೆ ತಕ್ಕ ಗಾಳಿಯಿಲ್ಲ. ನೀಲಿಯೆ? ಕೀಲೆಣ್ಣೆ ಉರಿಯುತ್ತಿದೆ, ರಿಂಗುಗಳು ಸವೆದಿರಬಹುದು. ವೈದ್ಯರು ನಾಲಗೆ ನೋಡುವಂತೆ ಹೊಗೆಯನ್ನು ನೋಡಿದರೆ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಎಣ್ಣೆಯ ದಾರಿ

ಹೊಗೆ ಕಾಣದಿದ್ದರೆ ಟ್ಯಾಂಕಿನಿಂದ ನಾಝಲ್ಲಿನವರೆಗೆ ಎಣ್ಣೆ ಹರಿಯುವ ದಾರಿಯಲ್ಲಿ ನಾವೂ ನಡೆಯಬೇಕು. ಹೊಲಕ್ಕೆ ನೀರು ಬರದಿದ್ದರೆ ಮಡೆಯಿಂದ ಮೊದಲುಮಾಡಿ ಕಾಲುವೆಯ ಉದ್ದಕ್ಕೂ ಹೋಗಿ ಎಲ್ಲಿ ಒಡ್ಡು ಕಟ್ಟಿದೆಯೆಂದು ನೋಡುವುದಿಲ್ಲವೆ, ಹಾಗೆಯೇ.

ಇಲ್ಲಿನ ಮುಖ್ಯ ಶತ್ರು ಗಾಳಿ. ‘ಏರ್ ಹಿಡಿದಿದೆ’ ಎಂದು ನಮ್ಮ ರೈತರು ಹೇಳುವುದು ಇದನ್ನೇ. ಟ್ಯಾಂಕು ಒಮ್ಮೆ ಬರಿದಾದರೆ, ಫಿಲ್ಟರ್ ಬದಲಿಸಿದರೆ, ಕೊಳವೆಯ ಜೋಡಣೆ ಸಡಿಲವಾದರೆ ಗಾಳಿ ಒಳಸೇರುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗದು, ಒತ್ತಡವನ್ನು ಮುಂದಕ್ಕೆ ಸಾಗಿಸುತ್ತದೆ. ಗಾಳಿಯನ್ನು ಒತ್ತಿದರೆ ಅದು ಸ್ಪಂಜಿನಂತೆ ತಾನೇ ಕುಗ್ಗಿಕೊಂಡು ಒತ್ತಡವನ್ನೆಲ್ಲ ನುಂಗಿಬಿಡುತ್ತದೆ. ನಾಝಲ್ಲು ತೆರೆಯುವುದೇ ಇಲ್ಲ.

ಬಿಡಿಸುವ ಕ್ರಮ ಸರಳ. ಟ್ಯಾಂಕನ್ನು ತುಂಬಿ ಕೊಳಾಯಿ ತೆರೆಯಿರಿ. ಫಿಲ್ಟರಿನ ಮೇಲಿರುವ ಗಾಳಿ ಬಿಡುವ ತಿರುಪನ್ನು ಎರಡು ಸುತ್ತು ಸಡಿಲಿಸಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಒಡೆಯದ ಧಾರೆ ಬರುತ್ತದೆ. ಧಾರೆ ಬಂದಾಗ ಬಿಗಿಯಿರಿ. ಬಳಿಕ ಪಂಪಿನ ತಿರುಪಿನಲ್ಲಿಯೂ ಹೀಗೆಯೇ ಮಾಡಿ. ಕೊನೆಗೆ ನಾಝಲ್ಲಿನ ಬಳಿ ದಪ್ಪ ಕೊಳವೆಯ ನಟ್ಟನ್ನು ತುಸು ಸಡಿಲಿಸಿ, ಹ್ಯಾಂಡಲ್ ತಿರುಗಿಸಿ, ಗುಳ್ಳೆಯಿಲ್ಲದೆ ಎಣ್ಣೆ ಒಸರಿದ ಮೇಲೆ ಬಿಗಿಯಿರಿ. ಟ್ಯಾಂಕಿನಿಂದ ನಾಝಲ್ಲಿನ ಕಡೆಗೆ, ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಈಗ ನಿಧಾನವಾಗಿ ಗಾಲಿ ತಿರುಗಿಸಿ ಕಿವಿಗೊಡಿ. ಎರಡು ಸುತ್ತಿಗೊಮ್ಮೆ ನಾಝಲ್ಲಿನಿಂದ ಬಾಗಿಲು ಕಿರುಗುಟ್ಟಿದಂತೆ ‘ಕಿರ್ರ್’ ಎಂಬ ಸದ್ದು ಕೇಳಿಸಿದರೆ ಎಣ್ಣೆ ಚಿಮುಕುತ್ತಿದೆ ಎಂದು ಸಂತೋಷಪಡಬಹುದು.

ಎರಡನೆಯ ಶತ್ರು ನೀರು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಡೀಸಲ್ ನೀರಿಗಿಂತ ಹಗುರ. ನೀರು ಕೆಳಗೆ, ಎಣ್ಣೆ ಮೇಲೆ. ತಳದಿಂದ ಸ್ವಲ್ಪವನ್ನು ಗಾಜಿನ ಶೀಸೆಗೆ ಹಿಡಿದು ಕಾಲುಗಂಟೆ ಇಟ್ಟರೆ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ. ಹಾಗೆ ಕಂಡರೆ ಟ್ಯಾಂಕನ್ನೂ ಫಿಲ್ಟರಿನ ಬಟ್ಟಲನ್ನೂ ಬರಿದುಮಾಡಿ ತೊಳೆದು ಹೊಸ ಡೀಸಲ್ ತುಂಬಬೇಕು.

ಈಗ ನನ್ನ ತಮ್ಮನ ಎಂಜಿನ್ನಿನ ಕಥೆಗೆ ಬರೋಣ. ಎಣ್ಣೆಯ ದಾರಿಯನ್ನು ಟ್ಯಾಂಕಿನಿಂದ ಆರಂಭಿಸಬೇಕೆಂದು ನಾನು ಹೇಳಿದಾಗ ಅವನೆಂದ: “ಟ್ಯಾಂಕಿನಲ್ಲಿ ಏನಿದೆ ಅಣ್ಣಾ? ನಿಂತಾಗಲೆಲ್ಲ ಮುಚ್ಚಳ ತೆಗೆದು ಒಂದಿಷ್ಟು ಸುರಿದೇ ಸುರಿಯುತ್ತೇನೆ. ಸುರಿದಮೇಲೆ ತಾನೆ ಅದು ಮತ್ತೆ ಹೊರಡೋದು.” “ನಿಂತಾಗ ಒಳಗೆ ಎಣ್ಣೆ ಮುಗಿದಿತ್ತೇನೊ?” ಎಂದೆ. “ಇಲ್ಲ, ಅರ್ಧಕ್ಕೆ ಮೇಲಿತ್ತು.” ಹಾಗಾದರೆ ಅದನ್ನು ಹೊರಡಿಸಿದ್ದು ಸುರಿದ ಎಣ್ಣೆಯಲ್ಲ, ತೆಗೆದ ಮುಚ್ಚಳ! ಎಂಜಿನ್ನು ಓಡಿಸಿ, ಅದು ನಿಂತೊಡನೆ ಮುಚ್ಚಳವನ್ನು ಮೆಲ್ಲಗೆ ತಿರುವಿದೆವು. ‘ಬುಸ್’ ಎಂದು ಗಾಳಿ ಒಳನುಗ್ಗಿತು. ಮುಚ್ಚಳದಲ್ಲಿ ಉಸಿರಾಟಕ್ಕೆಂದು ಒಂದು ಸಣ್ಣ ತೂತಿರುತ್ತದೆ. ಎರಡು ವರ್ಷ ಕೊಟ್ಟಿಗೆಯಲ್ಲಿದ್ದಾಗ ಕಣಜದ ಹುಳು ಅದರೊಳಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಎಣ್ಣೆ ಇಳಿದಂತೆಲ್ಲ ಆ ಜಾಗಕ್ಕೆ ಗಾಳಿ ಬಾರದೆ, ಟ್ಯಾಂಕು ಎಣ್ಣೆಯನ್ನು ಹಿಡಿದುಕೊಳ್ಳುತ್ತಿತ್ತು. ಒಂದು ಪೊರಕೆಕಡ್ಡಿಯಿಂದ ಗೂಡನ್ನು ತೆಗೆದೆವು. ಅಂದು ಸಂಜೆಯವರೆಗೂ ಎಂಜಿನ್ನು ನಿಲ್ಲಲಿಲ್ಲ.

ರಿಪೇರಿಯವನನ್ನು ನಾನು ದೂರುವುದಿಲ್ಲ. ಅವನಿಗೆ ಕೈ ಚೆನ್ನಾಗಿತ್ತು. ಆದರೆ ಅವನು ಎಂಜಿನ್ನನ್ನು ಬಿಚ್ಚಿದನೇ ಹೊರತು ಅದನ್ನು ಓಡಿಸುತ್ತಿದ್ದವನ ಮಾತನ್ನು ಕೇಳಲಿಲ್ಲ. ಪಂಪನ್ನು ಬಿಚ್ಚುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಅನೇಕ ಎಂಜಿನ್ನುಗಳಲ್ಲಿ ಪಂಪಿನ ಬುಡದಲ್ಲಿ ಕಾಗದದಷ್ಟು ತೆಳ್ಳಗಿನ ತಗಡುಗಳಿರುತ್ತವೆ. ಎಣ್ಣೆ ಯಾವ ಗಳಿಗೆಗೆ ಬೀಳಬೇಕೆಂಬುದನ್ನು ಅವು ನಿರ್ಧರಿಸುತ್ತವೆ. ಒಂದು ತಗಡು ಕಳೆದರೆ ಸನ್ನಿಧಿ ಕೆಟ್ಟಿತು. ಇಲ್ಲದ ರೋಗವನ್ನು ನಾವೇ ತಂದುಕೊಂಡೆವು.

ಗಾಳಿಯ ದಾರಿ ಮತ್ತು ಒತ್ತಡ

ಹೊಗೆ ಬಂದೂ ಎಂಜಿನ್ನು ಹಿಡಿಯದಿದ್ದರೆ ಗಾಳಿಯ ಕಡೆ ತಿರುಗೋಣ. ಗಾಳಿ ಸೋಸುವ ಫಿಲ್ಟರನ್ನು ತೆಗೆದು ನೋಡಿ. ಧೂಳು ಕಟ್ಟಿರಬಹುದು, ಇಲಿಯೋ ಹುಳವೋ ಬಿಡಾರ ಹೂಡಿರಬಹುದು. ಆಮೇಲೆ ಒತ್ತಡದ ಪರೀಕ್ಷೆ. ಒತ್ತಡ ಬಿಡುವ ಲಿವರನ್ನು ಎತ್ತದೆ, ನಿಲ್ಲಿಸುವ ಲಿವರನ್ನು ನಿಲ್ಲಿಸಿದ ಜಾಗದಲ್ಲೇ ಇಟ್ಟು, ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಒಂದೆಡೆ ಅದು ಗಟ್ಟಿಯಾಗಿ ತಡೆದು, ಬಿಟ್ಟರೆ ಚೆಂಡಿನಂತೆ ಹಿಂದಕ್ಕೆ ಪುಟಿಯಬೇಕು. ಪುಟಿಯದೆ ‘ಸುಸ್’ ಎಂದು ಜಾರಿಹೋದರೆ ಗಾಳಿ ಎಲ್ಲೋ ಸೋರುತ್ತಿದೆ.

ಎಲ್ಲಿ ಸೋರಬಹುದು? ಬಹುಕಾಲ ನಿಂತ ಎಂಜಿನ್ನಿನಲ್ಲಿ ವಾಲ್ವಿನ ಕಡ್ಡಿ ತುಕ್ಕು ಹಿಡಿದು ಅರ್ಧ ತೆರೆದೇ ಉಳಿಯುವುದುಂಟು. ತುಸು ಸೀಮೆಎಣ್ಣೆ ಬಿಟ್ಟು ಆಡಿಸಿದರೆ ಸಡಿಲವಾಗುತ್ತದೆ. ವಾಲ್ವಿನ ಮೇಲೆ ಕಂಪನಿಯವರು ಹೇಳಿದಷ್ಟು ಸಂದು ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳದು. ರಿಂಗು ಸವೆದಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟಿದ್ದರೆ ಆಗಲೂ ಒತ್ತಡ ನಿಲ್ಲದು. ಗಾಳಿ ಸೇದುವ ಬಾಯಿಯಿಂದ ಒಂದು ಸಣ್ಣ ಚಮಚದಷ್ಟು ಕೀಲೆಣ್ಣೆ ಬಿಟ್ಟು, ಒತ್ತಡ ಬಿಡುವ ಲಿವರನ್ನೆತ್ತಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ಪರೀಕ್ಷಿಸಿ. ಈಗ ಒತ್ತಡ ಬಂದರೆ ದೋಷ ರಿಂಗಿನದು. ಆಗಲೂ ಬರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಚಮಚಕ್ಕಿಂತ ಹೆಚ್ಚು ಬಿಡಬಾರದು. ದ್ರವ ಕುಗ್ಗದಿರುವುದರಿಂದ ಪಿಸ್ಟನ್ನಿನ ಮೇಲೆ ಎಣ್ಣೆ ನಿಂತರೆ ಕಡ್ಡಿಯೇ ಬಾಗಬಹುದು. ಇಲ್ಲಿಂದ ಮುಂದಿನದು ಬಲ್ಲ ಮೆಕ್ಯಾನಿಕ್ಕಿನ ಕೆಲಸ. ಆದರೆ ಅವನಿಗೆ ನಾವು ಸುಮ್ಮನೆ ‘ಕೆಟ್ಟಿದೆ’ ಎನ್ನುವುದಕ್ಕಿಂತ ‘ಒತ್ತಡ ನಿಲ್ಲುತ್ತಿಲ್ಲ’ ಎಂದು ಹೇಳಬಲ್ಲೆವು. ಖರ್ಚು ಅಲ್ಲೇ ಅರ್ಧ ಇಳಿಯುತ್ತದೆ.

ಮಾಗಿಯ ಬೆಳಗಿನಲ್ಲಿ ಆರೋಗ್ಯವಾದ ಎಂಜಿನ್ನು ಕೂಡ ಮೈಮುರಿಯುತ್ತದೆ. ಆಗ ಲಿವರನ್ನೆತ್ತಿ ಹತ್ತಿಪ್ಪತ್ತು ಸುತ್ತು ತಿರುಗಿಸಿ ಗಾಲಿಗೆ ಬಲವಾದ ವೇಗ ಕೊಟ್ಟು, ಆ ಓಟದಲ್ಲೇ ಲಿವರನ್ನು ಬಿಡಬೇಕು. ವೇಗವೇ ಇಲ್ಲಿ ಬಿಸಿ. ನಿಧಾನವಾಗಿ ತಿರುಗಿಸಿದರೆ ಕಾದ ಗಾಳಿ ತಣ್ಣನೆಯ ಗೋಡೆಗೆ ಶಾಖ ಕೊಟ್ಟು ತಣಿದುಬಿಡುತ್ತದೆ.

ಹೊಂಗೆ ಎಣ್ಣೆಯ ವಿಷಯವನ್ನು ಕೆಲವರು ಕೇಳುತ್ತಾರೆ. ಡೀಸಲ್ ಎಂಜಿನ್ನು ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲೇ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ನಮ್ಮ ಜಿಲ್ಲೆಯ ಮಡೇನೂರಿನ ಜೈವಿಕ ಇಂಧನ ಉದ್ಯಾನದಲ್ಲಿಯೂ ಹೊಂಗೆಯಂಥ ಬೀಜಗಳ ಮೇಲೆ ಕೆಲಸ ನಡೆದಿದೆ. ಆದರೆ ಹಸಿಯ ಹೊಂಗೆ ಎಣ್ಣೆ ಮಂದ; ತಣ್ಣನೆಯ ಎಂಜಿನ್ನಿನಲ್ಲಿ ಅದು ಮಂಜಾಗದೆ ಹನಿಯಾಗಿ ಬೀಳುತ್ತದೆ. ಬಳಸುವವರು ಡೀಸಲ್ಲಿನಿಂದ ಹೊರಡಿಸಿ, ನಿಲ್ಲಿಸುವ ಮುನ್ನವೂ ಸ್ವಲ್ಪ ಹೊತ್ತು ಡೀಸಲ್ಲಿನಿಂದ ಓಡಿಸಬೇಕು.

ಸ್ವಿಚ್ಚಿನ ಎಂಜಿನ್ನು, ದೋಣಿಯ ಎಂಜಿನ್ನು

ಬ್ಯಾಟರಿಯಿಂದ ಹೊರಡುವ ಎಂಜಿನ್ನುಗಳಲ್ಲಿ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ‘ಟಕ್’ ಎಂದು ಸದ್ದಾಗಿ ಸುಮ್ಮನಾದರೆ ಬ್ಯಾಟರಿ ಸೊರಗಿದೆ, ಇಲ್ಲವೆ ತಂತಿಯ ತುದಿಗೆ ಬಿಳಿಯ ಕಿಲುಬು ಹಿಡಿದಿದೆ. ಕಿಲುಬನ್ನು ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿದರೆ ಎಷ್ಟೋ ಸಲ ಅಷ್ಟೇ ಸಾಕು. ಸ್ವಿಚ್ಚನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು; ನಡುವೆ ಒಂದು ನಿಮಿಷ ಬಿಡುವು ಕೊಡಬೇಕು.

ಮಲ್ಪೆಯ ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ನುಗಳನ್ನು ಒಮ್ಮೆ ನೋಡಿದೆ. ಗಾತ್ರ ದೊಡ್ಡದು, ಜಾತಿ ನಮ್ಮದೇ. ಬೇಡಿಕೆಗಳೂ ಅವೇ ಮೂರು. ಆದರೆ ಕಡಲಿನ ಮಧ್ಯೆ ಎಂಜಿನ್ನು ನಿಂತರೆ ಮನೆಗೆ ನಡೆದು ಬರುವಂತಿಲ್ಲ. ಆದ್ದರಿಂದ ಹೊರಡುವ ಮುನ್ನವೇ ನೀರು ಸೋಸುವ ಬಟ್ಟಲನ್ನು ನೋಡುವುದು, ಹೆಚ್ಚಿನ ಫಿಲ್ಟರನ್ನು ಜೊತೆಗಿಡುವುದು ಅಲ್ಲಿ ಜೀವದ ಮಾತು. ಕೆಲವು ದೋಣಿಗಳಲ್ಲಿ ತಂಪಿಗೆಂದು ಎಳೆದ ಕಡಲನೀರನ್ನು ಹೊಗೆಕೊಳವೆಯ ಮೂಲಕವೇ ಹೊರಕ್ಕೆ ಬಿಡುತ್ತಾರೆ. ಅಂಥ ಕಡೆ ಎಂಜಿನ್ನು ಹಿಡಿಯದಿದ್ದರೂ ಸ್ವಿಚ್ಚು ಒತ್ತುತ್ತಲೇ ಇದ್ದರೆ, ನೀರನ್ನು ಹೊರದೂಡುವ ಹೊಗೆಯಿಲ್ಲದೆ ಅದು ಕೊಳವೆಯಲ್ಲಿ ತುಂಬಿ ಸಿಲಿಂಡರಿಗೇ ಇಳಿಯಬಹುದು. ಆದುದರಿಂದ ಬಲ್ಲವರು ಎರಡು ಮೂರು ಸಲದಲ್ಲಿ ಹಿಡಿಯದಿದ್ದರೆ ಕಡಲನೀರಿನ ಕೊಳಾಯಿ ಮುಚ್ಚಿ ಪ್ರಯತ್ನಿಸಿ, ಹಿಡಿದ ಕ್ಷಣವೇ ತೆರೆಯುತ್ತಾರೆ.

ಮಾಡಬಾರದವು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಸುತ್ತಿ ಹಿಡಿದರೆ ಎಂಜಿನ್ನು ಹಿಂದಕ್ಕೊದ್ದಾಗ ಮಣಿಕಟ್ಟು ಮುರಿಯುತ್ತದೆ. ಹೆಗಲ ಟವೆಲ್ಲು, ಪಂಚೆಯ ಚುಂಗು, ಸೀರೆಯ ಸೆರಗು ಗಾಲಿಯ ಬಳಿ ಸುಳಿಯಬಾರದು.

ಚಿಮುಕುವ ನಾಝಲ್ಲಿನ ಮುಂದೆ ಎಂದೂ ಬೆರಳೊಡ್ಡಬೇಡಿ. ಆ ಒತ್ತಡದ ಎಣ್ಣೆ ಚರ್ಮವನ್ನು ಸೂಜಿಯಂತೆ ಹೊಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು; ಒಳಗೆ ಬೆರಳೇ ಕೊಳೆಯುವಷ್ಟು ಹಾನಿ. ಹಾಗಾದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಸೇರಿದೆಯೆಂದು ವೈದ್ಯರಿಗೆ ತಿಳಿಸಬೇಕು. ಗಾಳಿಯ ಬಾಯಿಗೆ ಪೆಟ್ರೋಲ್ ಹನಿಸುವುದು, ಉರಿಯುವ ಬಟ್ಟೆ ಹಿಡಿಯುವುದು ಬೇಡ. ಎಂಜಿನ್ನೂ ಒಡೆಯಬಹುದು, ಮೈಯೂ ಸುಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಹೊಗೆ. ನೀರು ಕೆಳಗಿಳಿದ ಬಾವಿಗಳಲ್ಲಿ ಒಳಗಟ್ಟೆಯ ಮೇಲೆ ಎಂಜಿನ್ನಿಟ್ಟು ಓಡಿಸುವುದುಂಟು. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲವಿರುತ್ತದೆ; ಗುಂಡಿಯಲ್ಲಿ ಪ್ರಾಣವಾಯು ಮುಗಿಯುತ್ತದೆ. ಎಂಜಿನ್ನು ಬಾವಿಯ ಹೊರಗೇ ಇರಲಿ. ಒಳಗಿಳಿದವರು ಕುಸಿದುಬಿದ್ದರೆ ಕರುಳು ಕಿತ್ತುಬಂದರೂ ಹಿಂದೆಯೇ ಇಳಿಯಬೇಡಿ. ಒಬ್ಬನನ್ನು ಉಳಿಸಹೋಗಿ ಮೂವರು ಸತ್ತ ಮನೆಗಳುಂಟು. ಅಗ್ನಿಶಾಮಕದವರನ್ನು ಕರೆಯಿರಿ.

ಕೊನೆಯ ಮಾತು

ಹೊರಡದ ಎಂಜಿನ್ನಿಗೆ ಮದ್ದು ಹುಡುಕುವುದಕ್ಕಿಂತ ಅದನ್ನು ಹೊರಡುವಂತೆ ಇಟ್ಟುಕೊಳ್ಳುವುದು ಸುಲಭ. ಕೆಲಸವಿರಲಿ ಇಲ್ಲದಿರಲಿ, ಹದಿನೈದು ದಿನಕ್ಕೊಮ್ಮೆ ಕಾಲುಗಂಟೆ ಓಡಿಸಿ. ನಿಲ್ಲಿಸಿಡುವಾಗ ಟ್ಯಾಂಕು ತುಂಬಿರಲಿ. ತೇವ ಹನಿಗಟ್ಟಲು ಜಾಗವಿರದು. ಡೀಸಲ್ಲನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಒಂದು ಹಳೆಯ ನೋಟುಪುಸ್ತಕವನ್ನು ಎಂಜಿನ್ನಿನ ಮನೆಯಲ್ಲಿ ತೂಗುಹಾಕಿ, ಕೀಲೆಣ್ಣೆ ಬದಲಿಸಿದ ದಿನ, ಫಿಲ್ಟರ್ ಹಾಕಿದ ದಿನ, ಕೆಟ್ಟಾಗ ಕಂಡ ಹೊಗೆಯ ಬಣ್ಣ, ಸರಿಹೋದ ಬಗೆ ಇಷ್ಟನ್ನು ಬರೆದಿಡಿ. ನಮ್ಮ ತೋಟದ ಪುಸ್ತಕದ ಮೊದಲ ಪುಟದಲ್ಲಿ ತಮ್ಮನು ತನ್ನ ಕೈಯಿಂದಲೇ ಬರೆದಿದ್ದಾನೆ: ‘ಮುಚ್ಚಳದ ತೂತು ನೋಡುವುದು.’

ಆ ಬೇಸಗೆಯಲ್ಲಿ ಎಂಬತ್ತು ಸಸಿಗಳ ಪೈಕಿ ಒಂಬತ್ತು ಹೋದುವು. ಉಳಿದವು ಈಗ ಕೈಗೆಟುಕದ ಎತ್ತರಕ್ಕೆ ಗರಿ ಬಿಟ್ಟಿವೆ. ಆ ಒಂಬತ್ತು ಸಸಿಗಳು ಸತ್ತುದು ನೀರಿಲ್ಲದೆ ಅಲ್ಲ, ನೀರು ಹೊಂಡದಲ್ಲಿತ್ತು. ಸರಿಯಾದ ಪ್ರಶ್ನೆಯನ್ನು ನಾಲ್ಕು ದಿನ ತಡವಾಗಿ ಕೇಳಿದ್ದರಿಂದ ಸತ್ತುವು. ವಾಚಕರ ತೋಟದಲ್ಲಿ ಹಾಗಾಗದಿರಲಿ.